104 ಪುಸ್ತಕ ಓದಿದ ಮಹಾನುಭಾವರು

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನನಗೆ ಎದೆ ಡವಡವ. ಫೋನ್ ತೆರೆದರೆ ಸಾಕು, ಗೆಳೆಯರೆಲ್ಲ ವರ್ಷದ ಲೆಕ್ಕ ಒಪ್ಪಿಸುತ್ತಿರುತ್ತಾರೆ. ಒಬ್ಬರದು 52, ಇನ್ನೊಬ್ಬರದು 78, ಮತ್ತೊಬ್ಬನದು 104. ಮೊದಲ ಸಲ ನೋಡಿದಾಗ ರಕ್ತದೊತ್ತಡ ಇರಬೇಕೆಂದು ಗಾಬರಿಯಾಗಿದ್ದೆ. ಆಮೇಲೆ ಗೊತ್ತಾಯಿತು, ಅದು ಓದಿದ ಪುಸ್ತಕಗಳ ಸಂಖ್ಯೆ.

ನಾನು ಓದಿದ್ದು ನಾಲ್ಕೇ ನಾಲ್ಕು. ಅದರಲ್ಲಿ ಒಂದನ್ನು ಎರಡು ಸಲ ಓದಿದ್ದೆ. ಹಾಗಾದರೆ ಐದು ಅಂತ ಹೇಳಿಕೊಳ್ಳಬಹುದಾ ಎಂದು 104ರ ಗೆಳೆಯನನ್ನೇ ಕೇಳಿದೆ.

‘ಓದಿದ್ದನ್ನೇ ಮತ್ತೆ ಯಾಕೆ ಓದಿದೆ ಮಾರಾಯ? ಟೈಮ್ ವೇಸ್ಟ್ ಅಲ್ವಾ?’

‘ಚೆನ್ನಾಗಿತ್ತು’ ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಅವನ ಎಕ್ಸೆಲ್ ಹಾಳೆಯಲ್ಲಿ ‘ಚೆನ್ನಾಗಿತ್ತು’ ಅನ್ನುವುದಕ್ಕೆ ಕಾಲಂ ಇಲ್ಲವಂತೆ.

ವಾರಕ್ಕೆ ಎರಡು ಪುಸ್ತಕ ಹೇಗಪ್ಪಾ ಓದ್ತೀಯ ಎಂದು ಕೇಳಿದ್ದಕ್ಕೆ ಗುಟ್ಟು ಬಿಟ್ಟುಕೊಟ್ಟ. ಮುನ್ನೂರು ಪುಟದ ಪುಸ್ತಕವನ್ನು 15 ನಿಮಿಷಕ್ಕೆ ಹಿಂಡಿ ಕೊಡುವ ಆಪ್‌ಗಳಿವೆ. ಅದನ್ನೂ ಎರಡರಷ್ಟು ವೇಗದಲ್ಲಿ ಕೇಳಬಹುದು. ಹಲ್ಲುಜ್ಜುವಾಗ ತತ್ವಶಾಸ್ತ್ರ, ಬಟ್ಟೆ ಮಡಚುವಾಗ ಅರ್ಥಶಾಸ್ತ್ರ. ತಾಳ್ಮೆ ಬೆಳೆಸಿಕೊಳ್ಳುವುದು ಹೇಗೆ ಅನ್ನುವುದನ್ನೂ ಕೇಳಿ ಮುಗಿಸಿದ್ದಾನೆ. ಏಳೂವರೆ ನಿಮಿಷದಲ್ಲಿ.

‘ಕಾದಂಬರಿ ಓದಲ್ವಾ?’

‘ಅದರಲ್ಲಿ ಟೇಕ್‌ಅವೇ ಏನಿರುತ್ತೆ?’

ಈ ಅವಸರ ಇವತ್ತಿನದಲ್ಲ. 1959ರಲ್ಲಿ ಅಮೆರಿಕದಲ್ಲಿ ಎವೆಲಿನ್ ವುಡ್ ಎಂಬ ಶಿಕ್ಷಕಿ ಸರಸರನೆ ಓದುವುದನ್ನು ಕಲಿಸುವ ಸಂಸ್ಥೆಯನ್ನೇ ತೆರೆದರು. ಜನ ಮುಗಿಬಿದ್ದರು. ಶ್ವೇತಭವನದ ಸಿಬ್ಬಂದಿಯೂ ಹೋಗಿ ಪಾಠ ಹೇಳಿಸಿಕೊಂಡರು. ನಿಮಿಷಕ್ಕೆ ಸಾವಿರಗಟ್ಟಲೆ ಪದ ಓದಬಹುದು ಎಂಬ ಆಸೆ ಯಾರಿಗೆ ತಾನೇ ಇರಲ್ಲ? ಆದರೆ ಕಣ್ಣು ಕೇಳಬೇಕಲ್ಲ. ಒಂದು ಸಲಕ್ಕೆ ಅದಕ್ಕೆ ಸ್ಪಷ್ಟವಾಗಿ ಕಾಣುವುದು ಕೆಲವೇ ಅಕ್ಷರಗಳು. ಇಂಗ್ಲಿಷ್ ಓದುವವರ ಮಾಮೂಲಿ ವೇಗ ನಿಮಿಷಕ್ಕೆ 200ರಿಂದ 400 ಪದ. ಅದಕ್ಕಿಂತ ತುಂಬಾ ಜೋರಾಗಿ ಓಡಿದರೆ ಅರ್ಥ ಹಿಂದೆ ಉಳಿಯುತ್ತದೆ ಎಂದು 2016ರಲ್ಲಿ ಮನಶ್ಶಾಸ್ತ್ರಜ್ಞ ಕೀತ್ ರೇನರ್ ಮತ್ತು ಜೊತೆಗಾರರು ಹಳೆಯ ಸಂಶೋಧನೆಗಳನ್ನೆಲ್ಲ ಜಾಲಾಡಿ ಬರೆದರು. ಅವರು ಬರೆದದ್ದು ಉದ್ದದ ಲೇಖನ. ನನ್ನ ಗೆಳೆಯ ಅದರ ಸಾರಾಂಶಕ್ಕೆ ಕಾಯುತ್ತಿದ್ದಾನೆ.

ಸುಮ್ನೆ ಅವನನ್ನೇ ಯಾಕೆ ಆಡಿಕೊಳ್ಳಲಿ, ನನ್ನ ಕಥೆಯೂ ಇದೆ. ಆನ್‌ಲೈನ್ ಕೋರ್ಸ್‌ಗಳಲ್ಲಿ ಹನ್ನೊಂದಕ್ಕೆ ಹೆಸರು ಬರೆಸಿದ್ದೇನೆ. ಹನ್ನೊಂದರಲ್ಲೂ ಮೊದಲ ಪಾಠದಲ್ಲಿ ನಾನು ಪಂಡಿತ. ‘ಎಲ್ಲರಿಗೂ ಸ್ವಾಗತ’ ಅನ್ನುವ ವಿಡಿಯೊಗಳ ಬಗ್ಗೆ ಡಾಕ್ಟರೇಟ್ ಕೊಡುವುದಾದರೆ ನನಗೇ ಕೊಡಬೇಕು. ಹಾರ್ವರ್ಡ್ ಮತ್ತು ಎಂಐಟಿಯ ಇಂಥ ಕೋರ್ಸ್‌ಗಳಿಗೆ 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಮೂರೇ ಜನ. ಓದಿ ಸಮಾಧಾನವಾಯಿತು. ಉಳಿದ 97 ಜನರ ದೊಡ್ಡ ಸಂಸಾರ ನಮ್ಮದು.

ಇನ್ನು ಪುಸ್ತಕದ ಕಪಾಟು. ವಿಡಿಯೊ ಕಾಲ್ ಬಂದ ಮೇಲೆ ಅದಕ್ಕೆ ಶುಕ್ರದೆಸೆ. ಮುಖಕ್ಕಿಂತ ಬೆನ್ನ ಹಿಂದಿನ ಪುಸ್ತಕಗಳ ಮೇಲೇ ಜಾಸ್ತಿ ಬೆಳಕು. ಒಬ್ಬರು ಬಣ್ಣದ ಪ್ರಕಾರ ಜೋಡಿಸಿಟ್ಟಿದ್ದಾರೆ. ನೀಲಿ ಪುಸ್ತಕ ಕೇಳಿದರೆ ತಕ್ಷಣ ತೆಗೆದುಕೊಡುತ್ತಾರೆ. ಲೇಖಕರ ಹೆಸರು ಹೇಳಿದಿರೋ, ಕಂಗಾಲು. ಸುಮಾರು 2000 ವರ್ಷದ ಹಿಂದೆಯೇ ರೋಮಿನ ತತ್ವಜ್ಞಾನಿ ಸೆನೆಕ ಇಂಥವರನ್ನು ನೋಡಿ ಗೊಣಗಿದ್ದ. ಇವರಿಗೆ ಪುಸ್ತಕ ಅಂದರೆ ಊಟದ ಕೋಣೆಯ ಅಲಂಕಾರ ಎಂದಿದ್ದ. ಪಾಪ, ಆಗ ವಿಡಿಯೊ ಕಾಲ್ ಇರಲಿಲ್ಲ. ತೋರಿಸಬೇಕೆಂದರೆ ಊಟಕ್ಕೆ ಕರೆಯಲೇಬೇಕಿತ್ತು. ಬಂದವರಿಗೆ ಊಟವಾದರೂ ಸಿಗುತ್ತಿತ್ತು. ದೇಶ ಸುತ್ತಿ ನೋಡು, ಕೋಶ ಓದಿ ನೋಡು ಅಂತ ನಮ್ಮ ಹಿರಿಯರು ಹೇಳಿದ್ದರು. ನೋಡು ಅಂದಿದ್ದರು, ತೋರಿಸು ಅಂದಿರಲಿಲ್ಲ.

ಮಕ್ಕಳನ್ನೂ ನಾವು ಬಿಟ್ಟಿಲ್ಲ. ಒಂದು ಪುಸ್ತಕಕ್ಕೆ ಒಂದು ನಕ್ಷತ್ರ, ಹತ್ತು ನಕ್ಷತ್ರಕ್ಕೆ ಒಂದು ಬಹುಮಾನ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಇಬ್ಬರು ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರಿಗೆ, ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಮಕ್ಕಳು ಬಿಡಿಸಿದರು, ಸರ್ಟಿಫಿಕೇಟ್ ಇಸಿದುಕೊಂಡರು. ಒಂದೆರಡು ವಾರ ಬಿಟ್ಟು ನೋಡಿದರೆ, ಬೇರೆ ಮಕ್ಕಳಿಗಿಂತ ಅವರೇ ಸ್ಕೆಚ್ ಪೆನ್ನುಗಳ ಹತ್ತಿರ ಕಡಿಮೆ ಸುಳಿಯುತ್ತಿದ್ದರು. ಖುಷಿಗೆ ಮಾಡುತ್ತಿದ್ದದ್ದು ಕೂಲಿ ಕೆಲಸವಾಗಿತ್ತು. ನಾವು ಇದನ್ನು ಓದಿ, ತಲೆದೂಗಿ, ನಕ್ಷತ್ರದ ಸ್ಟಿಕ್ಕರ್ ಇನ್ನೊಂದು ಪ್ಯಾಕೆಟ್ ತರಿಸುತ್ತೇವೆ.

ಮೊನ್ನೆ 104ರ ಗೆಳೆಯನ ಫೋನ್ ಬಂತು. ಧ್ವನಿ ನಡುಗುತ್ತಿತ್ತು. ಯಾರಿಗೋ ಏನೋ ಆಗಿರಬೇಕು ಎಂದು ಹೆದರಿ ಎದ್ದು ಕೂತೆ.

‘ಫೋನ್ ಕೆಟ್ಟುಹೋಯ್ತು ಕಣೋ. ಆಪ್‌ನಲ್ಲಿದ್ದ ಪಟ್ಟಿ ಪೂರ್ತಿ ಅಳಿಸಿಹೋಗಿದೆ.’

‘ಹೋದರೆ ಹೋಗಲಿ ಬಿಡು. ಪುಸ್ತಕ ಓದಿದ್ದಂತೂ ನೀನೇ ಅಲ್ವಾ?’

‘ಅದು ಸರಿ’ ಅಂದ. ‘ಆದರೆ ಯಾವ್ಯಾವುದು ಓದಿದೆ ಅಂತ ಇನ್ನು ನನಗೆ ಹೇಗೆ ಗೊತ್ತಾಗಬೇಕು?’