ಆರು ತಿಂಗಳು ಎದೆಹಾಲು ಕೊಡಬೇಕಂತೆ, ಕೂಲಿ ಯಾರು ಕೊಡುತ್ತಾರೆ?

ನಿನ್ನೆ ತಂಗಿ ಬೈಸಿಕೊಂಡು ಬಂದಳು. ನಾಲ್ಕು ತಿಂಗಳ ಕೂಸಿನ ತೂಕ ಏರಿಲ್ಲ. "ಬಾಟಲಿ ಯಾಕಮ್ಮಾ ಹಿಡಿಸಿದೆ? ಆರು ತಿಂಗಳು ಬರೀ ಎದೆಹಾಲು ಅಂತ ಹೇಳಿರಲಿಲ್ವಾ?" ಅಂತ ನರ್ಸಮ್ಮ ಎಲ್ಲರೆದುರಿಗೇ ರೇಗಿದರಂತೆ. ಇವಳು ತಲೆ ತಗ್ಗಿಸಿ ನಿಂತಿದ್ದಾಳೆ. ನಾನಾಗಿದ್ದರೆ ಸುಮ್ನೆ ಬರುತ್ತಿರಲಿಲ್ಲ.

ಹೇಳಿದ್ದರು, ನಿಜ. ಆಗಸ್ಟಿನ ಸ್ತನ್ಯಪಾನ ಸಪ್ತಾಹದಲ್ಲಿ ತುಂಬು ಬಸುರಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡೇ ಹೇಳಿದ್ದರು. ಆದರೆ ಈಗ ಮೂಡಿಗೆರೆ ಕಡೆ ಕಾಫಿ ಕುಯ್ಲು. ವರ್ಷದಲ್ಲಿ ನಾಲ್ಕು ಕಾಸು ಕಾಣುವುದೇ ಈ ಎರಡು ಮೂರು ತಿಂಗಳು. ಬೆಳಿಗ್ಗೆ ತೋಟಕ್ಕಿಳಿದರೆ ಕೂಲಿಯವರ ಲೈನ್ ಮನೆಗೆ ವಾಪಸ್ ಬರುವುದು ಸಂಜೆ. ಮಧ್ಯಾಹ್ನದ ಹೊತ್ತಿಗೆ ಎದೆ ಕಲ್ಲಾಗಿ, ಹಾಲು ಸೋರಿ ರವಿಕೆಯೆಲ್ಲ ಒದ್ದೆ. ಗಿಡದ ಮರೆಗೆ ಹೋಗಿ ಹಾಲನ್ನು ಮಣ್ಣಿಗೆ ಹಿಂಡಿ ಬರುತ್ತಾಳೆ, ಮತ್ತೆ ಹಣ್ಣು ಕುಯ್ಯುತ್ತಾಳೆ. ಅತ್ತ ಮನೆಯಲ್ಲಿ ಅವಳ ಅತ್ತೆ ಕೂಸಿಗೆ ನೀರು ಬೆರೆಸಿದ ಹಾಲು ಕುಡಿಸುತ್ತಿರುತ್ತಾರೆ.

ಕಾನೂನು ನೋಡಿದರೆ ತೋಟದ ಕೆಲಸದವರಿಗೂ 26 ವಾರ ಸಂಬಳದ ರಜೆ ಇದೆ. ತೋಟದ ಹಾಜರಿ ಪುಸ್ತಕದಲ್ಲಿ ಹೆಸರೇ ಬರೆಯದವಳಿಗೆ ಎಲ್ಲಿಯ ರಜೆ? ಕೇಳಿದರೆ ನಾಳೆಯಿಂದ ಬರಬೇಡ ಅನ್ನುತ್ತಾರೆ, ಅಷ್ಟೇ.

ಇಂಥವರಿಗೇ ಅಂತ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆ ಇದೆ ಅಲ್ವಾ? ಮೊದಲ ಮಗುವಿಗೆ 5,000 ರೂಪಾಯಿ. 2013ರ ಆಹಾರ ಭದ್ರತಾ ಕಾಯ್ದೆ 6,000ಕ್ಕೆ ಕಮ್ಮಿ ಕೊಡಬಾರದು ಅನ್ನುತ್ತದೆ, ಆ ಮಾತು ಬಿಡಿ. ಐದು ಸಾವಿರವನ್ನು ಆರು ತಿಂಗಳಿಗೆ ಹಂಚಿ ನೋಡಿ. ದಿನಕ್ಕೆ 28 ರೂಪಾಯಿಯೂ ಬೀಳುವುದಿಲ್ಲ.

ಅದಾದರೂ ಕೈಗೆ ಬಂತಾ? ಬಸುರಿಯಾಗಿದ್ದಾಗ ಬರಬೇಕಿದ್ದ 3,000, ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆಂದು ತೆರೆದಿದ್ದ ಖಾತೆಗೆ ಹೋಗಿದೆ. ಆಧಾರ್ ಅದಕ್ಕೇ ಲಿಂಕ್ ಆಗಿತ್ತಂತೆ. ಆ ಪಾಸ್‌ಬುಕ್ ಯಾವ ಮಳೆಯಲ್ಲಿ ಕೊಳೆಯಿತೋ! ಉಳಿದ 2,000 ಸಿಗುವುದು 14ನೇ ವಾರದ ಲಸಿಕೆ ಮುಗಿದ ಮೇಲೆ. ಹೆರಿಗೆಯಾಗಿ ಮೂರು ತಿಂಗಳು ದಾಟಿರುತ್ತದೆ. ಅಲ್ಲಿಯವರೆಗೆ ಬಾಣಂತಿ ಏನು ತಿಂದು ಹಾಲೂಡಿಸಬೇಕು, ಗಾಳಿಯಾ?

ಬ್ಯಾಂಕಿನವರು ಕಚೇರಿಗೆ ಹೋಗಿ ಅನ್ನುತ್ತಾರೆ, ಕಚೇರಿಯವರು ಬ್ಯಾಂಕಿಗೆ ಹೋಗಿ ಅನ್ನುತ್ತಾರೆ. ಪ್ರತಿ ಸಲ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಸ್ಸಿನಲ್ಲಿ ಅಳುವ ಕೂಸು. ಬೈದ ನರ್ಸಮ್ಮನ ಕೈಯಲ್ಲೂ ಏನಿಲ್ಲ, ಗೊತ್ತು. ಆದರೂ ಹೊಟ್ಟೆ ಉರಿಯುತ್ತದೆ.

ಇವತ್ತು ಫೋನ್ ಮಾಡಿದರೆ ಮತ್ತೆ ಆಧಾರ್ ಜೆರಾಕ್ಸ್ ತನ್ನಿ ಅಂದರು. ಇದು ಐದನೇ ಜೆರಾಕ್ಸ್.