ದಂಡಕ್ಕೂ ಆಷಾಢ ಸೇಲ್

ಸೀರೆ ಅಂಗಡಿಗೆ ಆಷಾಢ ಇದೆ, ಖಾದಿಗೆ ಗಾಂಧಿ ಜಯಂತಿ ಇದೆ. ಸಿಗ್ನಲ್ ಹಾರುವವರಿಗೆ ಮಾತ್ರ ಒಂದು ಸೀಸನ್ ಇಲ್ಲವಲ್ಲ ಎಂಬ ಕೊರಗು 2023ರ ಫೆಬ್ರುವರಿಯಲ್ಲಿ ನೀಗಿತು. ಬಾಕಿ ಟ್ರಾಫಿಕ್ ದಂಡದಲ್ಲಿ ಅರ್ಧ ಕಟ್ಟಿದರೆ ಸಾಕು ಅಂದರು. ಹತ್ತು ದಿನದೊಳಗೆ ಬೆಂಗಳೂರೊಂದರಲ್ಲೇ 120 ಕೋಟಿ ದಾಟಿತು. ಅಷ್ಟು ರುಚಿ ಹತ್ತಿದ ಮೇಲೆ ಬಿಡುವುದುಂಟೆ? ಮಾರ್ಚ್‌ನಲ್ಲಿ ಮತ್ತೆ, ಜುಲೈನಲ್ಲಿ ಮತ್ತೆ. 2025ರಲ್ಲಿ ಆಗಸ್ಟ್ 23ರಿಂದ ಒಂದು ಸಲ, ಅದು ಮುಗಿದ ಮೇಲೆ ನವೆಂಬರ್ 21ರಿಂದ ಇನ್ನೊಂದು ಸಲ.

ಹೆಲ್ಮೆಟ್ ಇಲ್ಲದಿದ್ದರೆ 500 ರೂಪಾಯಿ ಅಂತಾರೆ. ಅದು ಎಂಆರ್‌ಪಿ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ಜನ ನಾವು, ದಂಡವನ್ನು ಕೇಳಿದ ರೇಟಿಗೆ ಕಟ್ಟಿದರೆ ಮನೆತನದ ಮರ್ಯಾದೆ ಏನಾಗಬೇಕು? ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಕಟ್ಟಿಬಿಟ್ಟರು. ಮೊಬೈಲಿಗೆ ಮೆಸೇಜ್ ಬಂದ ದಿನವೇ, ಪೂರ್ತಿ. ಮುಂದಿನ ವಾರ ರಿಯಾಯಿತಿ ಬಂತು. "ಸ್ವಲ್ಪ ತಡ್ಕೋಬೇಕಿತ್ತು ಮಾವ, ನಿಮಗೆ ಆತುರ ಜಾಸ್ತಿ" ಅಂದ ಅಳಿಯ. ಅವನ ಗಾಡಿ ಮೇಲೆ ಎಷ್ಟು ಕೇಸಿದೆ ಅನ್ನುವುದು ಅವನಿಗೇ ಲೆಕ್ಕವಿಲ್ಲ. ಮನೆಯಲ್ಲಿ ಜಾಣ ಅನ್ನಿಸಿಕೊಂಡವನು ಅವನೇ.

ಇಸ್ರೇಲಿನ ಹೈಫಾದಲ್ಲಿ ಸಂಜೆ ಮಕ್ಕಳನ್ನು ತಡವಾಗಿ ಕರೆದೊಯ್ಯುವ ತಂದೆತಾಯಿಗೆ ಕೆಲವು ಶಿಶುವಿಹಾರಗಳಲ್ಲಿ ದಂಡ ಹಾಕಿ ನೋಡಿದ್ದರು. ಇಬ್ಬರು ಅರ್ಥಶಾಸ್ತ್ರಜ್ಞರು 2000ದಲ್ಲಿ ಅದನ್ನು ಬರೆದರು. ತಡ ಮಾಡುವವರು ಕಮ್ಮಿಯಾಗಲಿಲ್ಲ, ಜಾಸ್ತಿಯಾದರು! ಮೊದಲು ಟೀಚರಮ್ಮನ ಮುಖ ನೋಡಲು ನಾಚಿಕೆಯಿತ್ತು. ಹತ್ತು ಶೆಕೆಲ್ ಎಸೆದ ಮೇಲೆ ನಾಚಿಕೆ ಚುಕ್ತಾ. ದಂಡ ತೆಗೆದ ಮೇಲೂ ಆ ನಾಚಿಕೆ ವಾಪಸು ಬರಲಿಲ್ಲವಂತೆ. ಪಾಪ, ಅರ್ಧ ರೇಟಿನ ಉಪಾಯ ಅವರಿಗೆ ಹೊಳೆದಿರಲಿಲ್ಲ.

ನಮ್ಮಲ್ಲಿ ನಾಚಿಕೆ ಪೂರ್ತಿ ಹೋಗಿಲ್ಲ, ನಂಬರ್ ಪ್ಲೇಟಿಗೆ ವರ್ಗವಾಗಿದೆ. ಹೆಲ್ಮೆಟ್ ಮೊಣಕೈಯಲ್ಲಿ ತೂಗುತ್ತಿರುತ್ತದೆ, ಪ್ಲೇಟಿನ ಕೊನೆಯ ಎರಡು ಅಂಕಿಗೆ ಹಳೇ ಕೊರೊನಾ ಮಾಸ್ಕ್ ಬಿಗಿದಿರುತ್ತದೆ. ತಲೆ ಬಯಲು, ನಂಬರಿಗೆ ಮುಸುಕು. 2025ರ ಆರಂಭದಲ್ಲಿ ಸಿಕ್ಕಿಬಿದ್ದ ಒಂದು ಸ್ಕೂಟರ್ ಮೇಲೆ 311 ಕೇಸು, 1.61 ಲಕ್ಷ ದಂಡ ಇತ್ತು, ನೆನಪಿದೆಯಲ್ಲ? ಆ ಗಾಡಿ ಮಾರಿದರೂ ಅಷ್ಟು ಹುಟ್ಟುತ್ತಿರಲಿಲ್ಲ. ಇನ್ನೊಂದು ಆರು ತಿಂಗಳು ಸಿಗದೆ ಓಡಾಡಿದ್ದರೆ ಅರ್ಧ ಉಳಿಯುತ್ತಿತ್ತು, ಪುಣ್ಯ ಇರಲಿಲ್ಲ.

ಆಸ್ತಿ ತೆರಿಗೆಯದೂ ಇದೇ ಕಥೆ. ಏಪ್ರಿಲ್‌ನಲ್ಲೇ ಓಡಿ ಹೋಗಿ ಕಟ್ಟಿದವರಿಗೆ ಬೆಂಗಳೂರಿನಲ್ಲಿ ಶೇ 5 ರಿಯಾಯಿತಿ. ವರ್ಷಗಟ್ಟಲೆ ಕಟ್ಟದೆ ಕೂತವರಿಗೆ 2024ರಲ್ಲಿ ಬಡ್ಡಿಯೇ ಮನ್ನಾ.

ಬಾಕಿ ಕೇಸು ಇಳಿಯುತ್ತವೆ, ಖಜಾನೆಗೆ ದುಡ್ಡು ಬರುತ್ತದೆ, ಕೋರ್ಟಿಗೂ ಹೊರೆ ತಗ್ಗುತ್ತದೆ. ಸರಿ ಸ್ವಾಮಿ. ಒನ್‌ವೇಯಲ್ಲಿ ಎದುರಿಗೆ ನುಗ್ಗಿ ಬಂದವನು ಗುದ್ದಿ ಕಾಲು ಮುರಿದುಕೊಂಡವರಿಗೆ ಆಸ್ಪತ್ರೆ ಬಿಲ್ಲಿನಲ್ಲಿ ಅರ್ಧ ಬಿಟ್ಟಿದ್ದಾರಾ? ಫುಟ್‌ಪಾತ್ ಮೇಲೆ ಬೈಕ್ ಹತ್ತಿಸಿದಾಗ ಮಗುವಿನ ಕೈ ಹಿಡಿದು ರಸ್ತೆಗೆ ಇಳಿಯಬೇಕಾದ ತಾಯಿಗೆ ಯಾವ ಯೋಜನೆ ಇದೆ? ಅವರ ಜೀವವನ್ನು ಪಣಕ್ಕಿಟ್ಟು ಓಡಿಸಿದವನಿಗೆ ನೀವು ಡಿಸ್ಕೌಂಟ್ ಕೊಟ್ಟಿರಿ. ಕೆಂಪು ದೀಪಕ್ಕೆ ನಿಂತವರಿಗೆ ಕೊಟ್ಟಿದ್ದೇನು? ಹಿಂದಿನ ಗಾಡಿಯ ಹಾರ್ನ್. ಜೊತೆಗೆ ಬುದ್ಧಿಮಾತು: "ಹೋಗಿ ಸಾರ್, ಪೊಲೀಸ್ ಯಾರೂ ಇಲ್ಲ."