ತ್ಯಾಗರಾಜನಗರದ ಟಿವಿಗೆ ಎಡಿಸನ್‌ನಿಂದ ಹೊತ್ತು ತಂದ ಸ್ಟಿಕ್

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನೆಲೆಸಿ ಹದಿನಾರು ವರ್ಷಗಳಾಗಿರುವ ನನಗೆ, ಮಾಮೂಲಿ ಟಿವಿಯನ್ನು ಸ್ಮಾರ್ಟ್ ಮಾಡುವುದೆಂದರೆ ಹದಿನೈದು ನಿಮಿಷದ ಕೆಲಸವೆಂಬ ನಂಬಿಕೆಯಿತ್ತು. ಹಿಂದಿನ ಸಲ ಬೆಂಗಳೂರಿಗೆ ಬರುವಾಗ, ಅಲ್ಲಿ ನನ್ನ ನೆರೆಹೊರೆಯವರೆಲ್ಲ ಬಳಸುವ ಬಗೆಯ, ಟಿವಿಯ ಬೆನ್ನಿಗೆ ಸಿಕ್ಕಿಸಿದರೆ ಇಂಟರ್ನೆಟ್ಟಿನ ಆ್ಯಪ್‌ಗಳನ್ನು ಪರದೆಗೆ ತರುವ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟುಕೊಂಡು ಬಂದು, ತ್ಯಾಗರಾಜನಗರದ ನಮ್ಮ ಮನೆಯ 32 ಇಂಚಿನ ಟಿವಿಗೆ ಸಿಕ್ಕಿಸಿದೆ. ಚಿತ್ರವೇನೋ ಬಂತು. ಆದರೆ ಅಮ್ಮನಿಗೆ ಬೇಕಾದ ಆ್ಯಪ್‌ಗಳಲ್ಲಿ ಅರ್ಧದಷ್ಟು ಅದರಲ್ಲಿ ಸಿಗಲಿಲ್ಲ. ಸಿಕ್ಕವು, ನನ್ನ ಖಾತೆ ಅಮೆರಿಕದ್ದೆಂಬ ಕಾರಣಕ್ಕೆ, ಅಪ್ಪ ಇಲ್ಲಿನ ಫೋನ್ ನಂಬರಿನಲ್ಲಿ ಕಟ್ಟಿದ್ದ ಚಂದಾವನ್ನು ಒಪ್ಪಲಿಲ್ಲ. ಪ್ಲಗ್ಗಿನ ಚಪ್ಪಟೆ ಕಡ್ಡಿಗಳು ನಮ್ಮ ಗೋಡೆಯ ಸಾಕೆಟ್ಟಿಗೆ ಹೊಂದದೆ ಮತ್ತೊಂದು ಪಿನ್ ತರಬೇಕಾಯಿತು ಎನ್ನುವುದು ಅದರ ಮುಂದೆ ಸಣ್ಣ ವಿಷಯ.

ನಾನು ತಪ್ಪಿದ್ದು ಆ್ಯಪ್‌ಗಳ ಲೆಕ್ಕದಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ ಈ ಉಪಕರಣ ಬೆಳೆದದ್ದೇ ಕೇಬಲ್ಲಿನ ಜಾಗವನ್ನು ಕಿತ್ತುಕೊಳ್ಳುವ ವಸ್ತುವಾಗಿ. ರೋಕು ಕಂಪನಿ 2008ರಲ್ಲಿ ತನ್ನ ಮೊದಲ ಪೆಟ್ಟಿಗೆಯನ್ನು ತಂದದ್ದು ನೆಟ್‌ಫ್ಲಿಕ್ಸ್ ತೋರಿಸಲೆಂದು. ಗೂಗಲ್ 2013ರಲ್ಲಿ 35 ಡಾಲರಿಗೆ ಮಾರಿದ ಕ್ರೋಮ್‌ಕಾಸ್ಟಿಗೆ ರಿಮೋಟ್ ಕೂಡ ಇರಲಿಲ್ಲ, ಕೈಯಲ್ಲಿನ ಫೋನೇ ರಿಮೋಟ್. ತಿಂಗಳಿಗೆ ನೂರು ಡಾಲರಿನಷ್ಟಾಗುವ ಕೇಬಲ್ ಬಿಲ್ಲನ್ನು ಉಳಿಸಲು ಜನ ಇದನ್ನು ಕೊಂಡರು. ಬೆಂಗಳೂರಿನ ಕಥೆ ಬೇರೆ. 2013ರ ಮಾರ್ಚ್ ಅಂತ್ಯದ ಗಡುವಿನೊಂದಿಗೆ ಇಲ್ಲಿ ಕೇಬಲ್ ಡಿಜಿಟಲ್ ಆಗಿ ಮನೆಮನೆಗೂ ಸೆಟ್‌ಟಾಪ್ ಬಾಕ್ಸ್ ಬಂತು, ಅದರ ಖರ್ಚು ಇಂದಿಗೂ ಅಲ್ಲಿನದರ ಹತ್ತಿರಕ್ಕೂ ಬರುವುದಿಲ್ಲ. ಜೀ ಕನ್ನಡದ ಧಾರಾವಾಹಿ ಜೀ5ರಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದವು ಜಿಯೋಹಾಟ್‌ಸ್ಟಾರಿನಲ್ಲಿ, ಉದಯದವು ಸನ್ ನೆಕ್ಸ್ಟಿನಲ್ಲಿ ಸಿಗುತ್ತವೆಯೆಂಬುದು ನಿಜವಾದರೂ, ಏಳೂವರೆಗೆ ಬರುವುದನ್ನು ಏಳೂವರೆಗೇ ನೋಡಿ, ಮರುದಿನ ಬೆಳಿಗ್ಗೆ ಹೂವಿನವಳ ಜೊತೆ ಅದರ ಬಗ್ಗೆ ಮಾತಾಡುವ ಅಮ್ಮನಿಗೆ ಆ್ಯಪ್ ಬದಲಿಯಾಗಲಾರದು. ಇಲ್ಲಿ ಸ್ಟಿಕ್ ಸೆಟ್‌ಟಾಪ್ ಬಾಕ್ಸಿನ ಪಕ್ಕದಲ್ಲಿ ಬಾಳಬೇಕು. ಆ ಸಹಬಾಳ್ವೆಗೆ ಯಾವುದು ಒಗ್ಗುತ್ತದೆ ಎಂದು ನೋಡಿ ಆರಿಸಬೇಕಿತ್ತು, ನಾನು ನೋಡಲಿಲ್ಲ. ಕೊನೆಗೆ ಅದನ್ನು ಬಿಟ್ಟು ಇಲ್ಲೇ ಇನ್ನೊಂದು ಸ್ಟಿಕ್ ಕೊಂಡೆ.

ಒಂದು ದಿನ ಎಡಿಸನ್‌ನಲ್ಲಿ ಬೆಳಿಗ್ಗೆ ಹತ್ತಕ್ಕೆ, ಅಂದರೆ ಬೆಂಗಳೂರಿನ ಸಂಜೆ ಏಳೂವರೆಗೆ ಸರಿಯಾಗಿ, ಕಚೇರಿಯ ಮೀಟಿಂಗಿನಲ್ಲಿದ್ದಾಗ ಅಮ್ಮನ ಫೋನ್ ಬಂತು. "ಟಿವೀಲಿ ಬರೀ ಪಟ್ಟಿ ಪಟ್ಟಿ ಬರ್ತಿದೆ ಕಣೋ, ಚಾನೆಲ್ಲೇ ಬರ್ತಿಲ್ಲ." ಟಿವಿ ಸ್ಟಿಕ್ಕಿನ ಮುಖಪುಟದಲ್ಲಿ ನಿಂತಿತ್ತು. ಪ್ಲಾಸ್ಟಿಕ್ ಕವರಿನೊಳಗಿದ್ದ ಟಿವಿ ರಿಮೋಟಿನಲ್ಲಿ ಸೋರ್ಸ್ ಗುಂಡಿಯನ್ನು ಹುಡುಕಿಸಿ ಒತ್ತಿಸುವಷ್ಟರಲ್ಲಿ ಧಾರಾವಾಹಿಯ ಮೊದಲ ಭಾಗ ಮುಗಿದಿತ್ತು. ಆಗ ತಿಳಿದದ್ದಿಷ್ಟು: ಎಚ್‌ಡಿಎಂಐ ತಂತಿಯ ಮೂಲಕವೇ ಉಪಕರಣಗಳು ಒಂದಕ್ಕೊಂದು ಆಜ್ಞೆ ಕಳಿಸುವ ಸಿಇಸಿ ಎಂಬ ಏರ್ಪಾಡು ಟಿವಿಯ ಮೆನುವಿನಲ್ಲಿ ಚಾಲೂ ಇದ್ದರೆ, ಸ್ಟಿಕ್ಕಿನ ಹೋಮ್ ಗುಂಡಿಯನ್ನು ಒತ್ತಿದೊಡನೆ ಟಿವಿ ತಾನೇ ಹೊತ್ತಿ ಸ್ಟಿಕ್ಕಿನ ಕಡೆಗೆ ತಿರುಗುತ್ತದೆ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎಂದೂ, ಎಲ್‌ಜಿ ಸಿಂಪ್‌ಲಿಂಕ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ ಕರೆಯುವುದರಿಂದ ಹೆಸರು ನೋಡಿ ಗುರುತಿಸುವುದು ಕಷ್ಟ. ಆದರೆ ಹೋಗುವ ದಾರಿ ಸುಲಭವಾದಷ್ಟು ಬರುವ ದಾರಿ ಸುಲಭವಲ್ಲ, ಏಕೆಂದರೆ ನಮ್ಮ ಮನೆಯ ಸೆಟ್‌ಟಾಪ್ ಬಾಕ್ಸ್ ಈ ಭಾಷೆಯನ್ನು ಮಾತಾಡುವುದಿಲ್ಲ. ಕೊಳ್ಳುವವರು ಅಂಗಡಿಯಲ್ಲಿ ಚಿತ್ರದ ಸೊಗಸನ್ನು ನೋಡುವ ಬದಲು, ಸ್ಟಿಕ್ಕಿನ ರಿಮೋಟಿನಲ್ಲೇ ಟಿವಿಯ ವಾಲ್ಯೂಮ್ ಮತ್ತು ಇನ್‌ಪುಟ್ ಬದಲಿಸುವ ಗುಂಡಿಗಳಿವೆಯೇ ಎಂದು ನೋಡುವುದು ಲೇಸು.

ಇನ್ನು ಗೋಡೆಗಳು. ಎಡಿಸನ್‌ನ ನನ್ನ ಮನೆಯ ಒಳಗೋಡೆಯೆಂದರೆ ಮರದ ಚೌಕಟ್ಟಿಗೆ ಬಡಿದ ಜಿಪ್ಸಂ ಹಲಗೆ. 5 ಗಿಗಾಹರ್ಟ್ಸ್‌ನ ವೈ-ಫೈ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ತ್ಯಾಗರಾಜನಗರದ ಮನೆಯದು ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ರೂಟರ್ ಇರುವುದು ಅಪ್ಪನ ಕೋಣೆಯಲ್ಲಿ. 5 ಗಿಗಾಹರ್ಟ್ಸ್ ಹಾಲಿಗೆ ತಲುಪುವಷ್ಟರಲ್ಲಿ ಸೊರಗುತ್ತದೆ, 2.4 ತಲುಪಿದರೂ ಅಕ್ಕಪಕ್ಕದ ಹತ್ತಾರು ಮನೆಗಳ ರೂಟರುಗಳ ಸಂತೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಿದ್ದೂ ಎಚ್‌ಡಿ ಚಿತ್ರಕ್ಕೆ ಬೇಕಾದುದು 5 ಎಂಬಿಪಿಎಸ್‌ನಷ್ಟು ವೇಗ ಮಾತ್ರ. ಬಹಳಷ್ಟು ಸ್ಟಿಕ್‌ಗಳ ಜೊತೆಗೇ ಬರುವ, ಎಲ್ಲರೂ ಡಬ್ಬಿಯಲ್ಲೇ ಬಿಟ್ಟುಬಿಡುವ ಗೇಣುದ್ದದ ಎಚ್‌ಡಿಎಂಐ ತಂತಿಯನ್ನು ಬಳಸಿ ಸ್ಟಿಕ್ಕನ್ನು ಟಿವಿಯ ಬೆನ್ನಿನಿಂದ ಈಚೆಗೆ ಎಳೆದು ತೂಗುಬಿಟ್ಟದ್ದರಿಂದಲೇ ನಮ್ಮಲ್ಲಿ ಅರ್ಧ ತೊಂದರೆ ನೀಗಿತು.

ವಿದ್ಯುತ್ತಿನದು ಇನ್ನೊಂದು ಪಾಠ. ತಂತಿ ಕಾಣಬಾರದೆಂದು ನಾನು ಸ್ಟಿಕ್ಕಿಗೆ ಟಿವಿಯ ಯುಎಸ್‌ಬಿ ಕಿಂಡಿಯಿಂದಲೇ ಕರೆಂಟು ಕೊಟ್ಟಿದ್ದೆ. ಹಳೆಯ ಟಿವಿಗಳ ಯುಎಸ್‌ಬಿ 2.0 ಕಿಂಡಿ ಕೊಡುವುದು ಅರ್ಧ ಆಂಪಿಯರ್, ಸ್ಟಿಕ್ ಕೇಳುವುದು ಸಾಮಾನ್ಯವಾಗಿ ಒಂದು. ಯಕ್ಷಗಾನ ನೋಡುತ್ತ ಕುಳಿತ ಅಪ್ಪನೆದುರು ಭಾಗವತರ ಪದ ಏರುತ್ತಿರುವಾಗಲೇ ಪರದೆ ಕಪ್ಪಾಗಿ ಸ್ಟಿಕ್ ಮತ್ತೆ ಮೊದಲಿನಿಂದ ಹೊತ್ತಿಕೊಂಡದ್ದು ಎರಡು ಸಲ. ಡಬ್ಬಿಯಲ್ಲಿನ ಅಡಾಪ್ಟರನ್ನೇ ಗೋಡೆಗೆ ಹಾಕಿದ ಮೇಲೆ ಆ ಕಾಟ ತಪ್ಪಿತು.

4ಕೆ ವಿಚಾರದಲ್ಲಿ ನನ್ನ ಅಭಿಪ್ರಾಯ ಕೊಂಚ ವಿಚಿತ್ರವೆನಿಸಬಹುದು. 1366 ಗುಣಿಸು 768 ಚುಕ್ಕಿಗಳ ಎಚ್‌ಡಿ ರೆಡಿ ಟಿವಿಯಲ್ಲಿ 4ಕೆ ಚಿತ್ರಕ್ಕೆ ಅರ್ಥವಿಲ್ಲ. ಆದರೂ ಕೊಳ್ಳುವುದಾದರೆ 4ಕೆ ಮಾದರಿಯನ್ನೇ ಕೊಳ್ಳಿ ಎನ್ನುತ್ತೇನೆ, ಚಿತ್ರಕ್ಕಾಗಿ ಅಲ್ಲ, ಮೆಮೊರಿಗಾಗಿ. ಅಮೆಜಾನಿನ ಫೈರ್ ಟಿವಿಯ ಸಾಧಾರಣ ಸ್ಟಿಕ್ಕಿನಲ್ಲಿ 1 ಜಿಬಿ ಇದ್ದರೆ, 2023ರ 4ಕೆ ಸ್ಟಿಕ್ಕಿನಲ್ಲೂ ಶಿಯೋಮಿಯ ಮಿ ಬಾಕ್ಸ್ 4ಕೆಯಲ್ಲೂ 2 ಜಿಬಿ ಇದೆ. ಎರಡು ವರ್ಷಗಳಲ್ಲಿ ಆ್ಯಪ್‌ಗಳು ಭಾರವಾದಾಗ ಗುಂಡಿ ಒತ್ತಿ ಕಾಯುವ ಹೊತ್ತಿನಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ.

ಎಸ್‌ಪಿ ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ, ಮೈಮೇಲೆ 8ಕೆ ಎಂದು ಬರೆದುಕೊಂಡ ಹೆಸರಿಲ್ಲದ ಆ್ಯಂಡ್ರಾಯ್ಡ್ ಬಾಕ್ಸುಗಳನ್ನು ಮಾತ್ರ ದೂರವಿಡಬೇಕು. ವೈಡ್‌ವೈನ್ ಎಂಬ, ನಕಲು ತಡೆಯುವ ಬೀಗದ ಎಲ್1 ದರ್ಜೆ ಇಲ್ಲದ ಬಾಕ್ಸಿನಲ್ಲಿ ಚಂದಾ ಕಟ್ಟಿ ನೋಡುವ ಸಿನಿಮಾಗಳು ಸಾಮಾನ್ಯವಾಗಿ 480 ಸಾಲುಗಳ ಮಸುಕು ಚಿತ್ರಕ್ಕೇ ನಿಲ್ಲುತ್ತವೆ. ಇಂಥ ಅಗ್ಗದ ಬಾಕ್ಸುಗಳೊಳಗೆ ಕಳ್ಳ ತಂತ್ರಾಂಶ ಸೇರಿಕೊಂಡು ಮನೆಯ ಇಂಟರ್ನೆಟ್ಟನ್ನು ದುರುಪಯೋಗ ಮಾಡುತ್ತಿರುವ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿದೆ.

ಡಿಶ್ ಮತ್ತು ಆ್ಯಪ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ರಿಮೋಟಿನಲ್ಲಿ ಕೊಡುವ ಏರ್ಪಾಡು ಬೆಂಗಳೂರಿಗೆ ಹೊಸದಲ್ಲ. ಏರ್‌ಟೆಲ್ 2019ರಲ್ಲಿ ಎಕ್ಸ್‌ಟ್ರೀಮ್ ಬಾಕ್ಸನ್ನೂ, ಈಗ ಟಾಟಾ ಪ್ಲೇ ಎನಿಸಿಕೊಳ್ಳುವ ಟಾಟಾ ಸ್ಕೈ 2020ರಲ್ಲಿ ಬಿಂಜ್ ಪ್ಲಸ್ಸನ್ನೂ ತಂದವು. ಕಂಪನಿ ಬದಲಿಸಿದರೆ ಬಾಕ್ಸೂ ನಿರುಪಯೋಗಿಯಾಗುವ ಹಂಗು ಇದರಲ್ಲಿದೆಯೆಂಬುದು ನಿಜ. ಆದರೆ ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆಗೆ, ಅಮೆರಿಕದಲ್ಲಿ ಯಾರೂ ಕೇಳದ ಇಂಥ ಜೋಡಿ ಬಾಕ್ಸೇ ಮೇಲೆಂದು ನನಗೀಗ ಅನಿಸುತ್ತದೆ. ಅಷ್ಟರಲ್ಲಾಗಲೇ ಇಲ್ಲಿ ಕೊಂಡ ಸ್ಟಿಕ್ ಎರಡನೆಯ ಎಚ್‌ಡಿಎಂಐ ಕಿಂಡಿಯಲ್ಲಿ ನೆಲೆಯಾಗಿತ್ತು. ಟಿವಿ ರಿಮೋಟಿನ ಸೋರ್ಸ್ ಗುಂಡಿಯ ಮೇಲೆ, ಪ್ಲಾಸ್ಟಿಕ್ ಕವರಿನ ಹೊರಗಿನಿಂದ, ಅಮ್ಮ ಒಂದು ಕೆಂಪು ಸ್ಟಿಕರ್ ಬಿಂದಿ ಅಂಟಿಸಿದ್ದಾರೆ. ಏಳೂವರೆಯ ಫೋನ್ ಬಂದು ಈಗ ಮೂರು ತಿಂಗಳಾಯಿತು.